ಗುಡುಗಣ್ಣನ ಏಳನೆಯ ಪೆಡಲ್

ಬಾಸ್ ಗಿಟಾರ್ ನುಡಿಸುವವರ ಪಾಡೇ ಬೇರೆ. ಹಾಡುವವರು ತಪ್ಪಿದರೆ ಸಭೆಗೆ ಗೊತ್ತಾಗುತ್ತದೆ, ಡ್ರಮ್ಸ್‌ನವನು ತಪ್ಪಿದರೆ ಬೀದಿಗೇ ಗೊತ್ತಾಗುತ್ತದೆ. ಬಾಸ್‌ನವನು ಪ್ರಾಣ ಬಿಟ್ಟು ನುಡಿಸಿದರೂ ಯಾರೂ ತಿರುಗಿ ನೋಡುವುದಿಲ್ಲ. ಅವನು ಕೈ ತೆಗೆದಾಗ ಮಾತ್ರ, ಏನೋ ಕಡಿಮೆಯಾಯಿತಲ್ಲ ಎಂದು ಜನ ಕುರ್ಚಿಯಲ್ಲಿ ಮಿಸುಕಾಡುತ್ತಾರೆ. ಅದಕ್ಕಾಗಿ ಇವರೇನೂ ಕೊರಗುವವರಲ್ಲ. ಕಾಲಬುಡದಲ್ಲಿ ಪೆಡಲ್‌ಗಳಿರುತ್ತವಲ್ಲ, ಅವನ್ನು ನೋಡಿಕೊಂಡು ಸುಖವಾಗಿರುತ್ತಾರೆ.

ಗುಡುಗಣ್ಣನ ಕಾಲಬುಡದಲ್ಲಿ ಅಂಥವು ಆರಿದ್ದವು. ಒಂದೊಂದೂ ಸಾಬೂನಿನ ಡಬ್ಬಿಗಿಂತ ತುಸು ದೊಡ್ಡ ತಗಡಿನ ಪೆಟ್ಟಿಗೆ. ಮೇಲೆ ತಿರುಗಿಸುವ ಮೂರೋ ನಾಲ್ಕೋ ನಾಬ್, ಪಾದದಿಂದ ಒತ್ತಲು ಒಂದು ಗುಂಡಿ. ಗಿಟಾರಿನ ಸದ್ದು ವೈರಿನಲ್ಲಿ ಬಂದು ಒಂದರಿಂದ ಇನ್ನೊಂದಕ್ಕೆ ಹಾದು, ಪ್ರತಿಯೊಂದರ ಹತ್ತಿರವೂ ಒಂದಿಷ್ಟು ಬಣ್ಣ ಬಳಿಸಿಕೊಂಡು ಹೊರಗೆ ಹೋಗುತ್ತದೆ. ಒಂದು ಪೆಡಲ್ ಕೆಳಗಿನ ಸ್ಥಾಯಿಯ ಸ್ವರವನ್ನು ಜೊತೆಗೆ ಸೇರಿಸುತ್ತಿತ್ತು, ಒಂದು ಗೊಗ್ಗರು ದನಿ ಕೊಡುತ್ತಿತ್ತು, ಇನ್ನೊಂದು ಸದ್ದನ್ನು ನೀರೊಳಗೆ ಅಲುಗಿಸಿದಂತೆ ಮಾಡುತ್ತಿತ್ತು. ಸಾಲಿನ ಮೊದಲಿಗೆ ಇದ್ದದ್ದು ಟ್ಯೂನರ್. ಅದು ಶ್ರುತಿ ತೋರಿಸುತ್ತದೆ; ಶ್ರುತಿ ಮಾಡುವ ಕಿರಿಕಿರಿ ಸಭೆಗೆ ಕೇಳದಿರಲೆಂದು, ಒತ್ತಿದಾಗ ಗಿಟಾರಿನ ಸದ್ದನ್ನೇ ಕಟ್ಟಿಹಾಕುತ್ತದೆ. ಅವನ ಹೆಂಡತಿಗೆ ಇವೆಲ್ಲ ಸವತಿಯರು. "ನಿಮ್ಮ ಮೂರನೆಯವಳು ಮಂಚದ ಕೆಳಗೆ ಬಿದ್ದಿದ್ದಾಳೆ, ಎತ್ತಿಡಿ," ಎನ್ನುತ್ತಿದ್ದಳು ಕಸ ಗುಡಿಸುವಾಗ.

ಗುಡುಗಣ್ಣ ಎಂಬುದು ಬ್ಯಾಂಡಿನವರು ಇಟ್ಟ ಹೆಸರು. ಮನುಷ್ಯ ಮಾತಾಡಿದರೆ ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳದು. ನುಡಿಸಿದರೆ ಮಾತ್ರ ಕಿಟಕಿಯ ಗಾಜು ನಡುಗಬೇಕು. ವಯಸ್ಸು ಐವತ್ತೊಂದು. ವಾರದಲ್ಲಿ ಐದು ದಿನ ಬಸ್ ನಿಲ್ದಾಣದ ಎದುರು, ಗೂಡಿನಂಥ ಒಂದು ಅಂಗಡಿಯಲ್ಲಿ ಕೂತು ಬೀಗದ ಕೈ ಕೆತ್ತುತ್ತಿದ್ದ. ಶನಿವಾರ, ಭಾನುವಾರದ ಮಧ್ಯಾಹ್ನಗಳಲ್ಲಿ ದೊಡ್ಡ ಹೋಟೆಲ್ಲೊಂದರ ಸಭಾಂಗಣದಲ್ಲಿ ಬ್ಯಾಂಡಿನ ಜೊತೆ ನಿಲ್ಲುತ್ತಿದ್ದ. ಕಂಪನಿಗಳವರು ತಮ್ಮ ನೌಕರರಿಗೆ ಊಟ ಹಾಕಿಸಿ ಹಾಡು ಕೇಳಿಸುವ ಜಾಗ ಅದು. ಇಪ್ಪತ್ತೆರಡು ವರ್ಷದಿಂದ ಅದೇ ಬ್ಯಾಂಡು, ಅದೇ ಗಾಯಕಿ, ಅವಳ ಎಡಗಡೆ ಎರಡು ಹೆಜ್ಜೆ ಹಿಂದೆ ಅದೇ ಜಾಗ. ಐದು ದಿನ ಅವನು ಬದುಕುತ್ತಿದ್ದದ್ದು ಆ ಎರಡು ದಿನಕ್ಕಾಗಿ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ, ಆದರೆ ಮನೆಯಲ್ಲಿ ಗೋಡೆಗೂ ಗೊತ್ತಿತ್ತು.

ಎರಡು ವರ್ಷದಿಂದ ಅವನ ಸದ್ದು ಅವನಿಗೆ ಸಿಗುತ್ತಿರಲಿಲ್ಲ. ನಾಲ್ಕು ಸ್ವರ ದುಂಡಗೆ ಬಂದರೆ ಐದನೆಯದು ಸೊರಗಿ ಬರುವುದು, ಆರನೆಯದು ದಡಕ್ಕನೆ ಬಂದು ಬೀಳುವುದು. ಮೊದಲು ತಂತಿ ಬದಲಾಯಿಸಿದ. ಆಮೇಲೆ ವೈರು. ಆಮೇಲೆ ಪೆಡಲ್‌ಗಳಿಗೆ ಕರೆಂಟು ಕೊಡುವ ಅಡಾಪ್ಟರು. ಪೆಡಲ್‌ಗಳ ಸಾಲನ್ನು ಹಿಂದುಮುಂದು ಮಾಡಿದ, ಒಂದೊಂದನ್ನೇ ಕಿತ್ತು ನೋಡಿದ, ಮತ್ತೆ ಜೋಡಿಸಿದ. ಕೈಯ ಮೇಲೆ ಮಾತ್ರ ಅವನಿಗೆ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಅದೇ ಬಲಗೈ ಬೆಳಗ್ಗೆ ಅರ ಹಿಡಿದು ಕೂದಲೆಳೆಯಷ್ಟು ಹಿತ್ತಾಳೆ ಉಜ್ಜಿ, ಮೊದಲ ತಿರುವಿಗೇ ಬೀಗ ತೆರೆಯುವ ಕೀಲಿ ಮಾಡಿಕೊಡುತ್ತಿತ್ತು. ಚಹಾದ ಲೋಟ ಹಿಡಿದರೆ ಒಂದು ಹನಿ ತುಳುಕುತ್ತಿರಲಿಲ್ಲ. ನುಡಿಸುವಾಗ ಮಧ್ಯದ ಬೆರಳು ತನ್ನಷ್ಟಕ್ಕೆ ಒಳಗೆ ಮಡಚಿಕೊಳ್ಳುತ್ತದೆ ಎಂಬುದು ಅವನಿಗೆ ಕಾಣುತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ಕಂಡರೂ ಕಾಣದಂತಿರುವುದು ಮನುಷ್ಯನಿಗೆ ಕಷ್ಟದ ಕೆಲಸವೇನಲ್ಲ.

ಸಂಗೀತದ ಸಾಮಾನು ಮಾರುವ ಅಂಗಡಿಯವನೂ ಬಾಸ್ ನುಡಿಸುವವನೇ. ಹಾಗಾಗಿ ಇಬ್ಬರೂ ಸೇರಿದರೆ ವ್ಯಾಪಾರಕ್ಕಿಂತ ಹರಟೆ ಜಾಸ್ತಿ. ಒಂದು ಬುಧವಾರ ಬೆಳಗ್ಗೆ ಗುಡುಗಣ್ಣ ತನ್ನ ಅಂಗಡಿಗೆ ಬೀಗ ಜಡಿದು ಅಲ್ಲಿಗೆ ಹೋದ. ಅವನ ಗೋಳನ್ನು ಪೂರ್ತಿ ಕೇಳುವ ವ್ಯವಧಾನ ಅಂಗಡಿಯವನಿಗೆ ಇರಲಿಲ್ಲ. ಕಪಾಟಿನಿಂದ ನೀಲಿ ಬಣ್ಣದ ಪೆಡಲೊಂದನ್ನು ತೆಗೆದು, ಮಗುವನ್ನು ತೋರಿಸುವಂತೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದ.

"ಕಂಪ್ರೆಸರ್. ಎದ್ದಿದ್ದನ್ನ ತಟ್ಟಿ ಕೂರಿಸುತ್ತೆ, ಕೂತಿದ್ದನ್ನ ಎಬ್ಬಿಸುತ್ತೆ. ಎಲ್ಲಾ ಸ್ವರ ಒಂದೇ ಎತ್ತರ. ನಿನ್ನ ಕಾಯಿಲೆಗೆ ಇದೇ ಔಷಧಿ ಕಣಯ್ಯ."

"ಸದ್ದಿನ ಜೀವ ಹಿಂಡಿಬಿಡುತ್ತೆ ಅಂತಾರಲ್ಲ?"

"ಹಿಂಡೋವಷ್ಟು ತಿರುಗಿಸಿದ್ರೆ ಹಿಂಡುತ್ತೆ. ಈ ನಾಬ್ ನೋಡು, ಅರ್ಧ ಅದರ ಸದ್ದು, ಅರ್ಧ ನಿನ್ನದೇ ಸದ್ದು. ಬೆರೆಸ್ಕೊಂಡು ಕುಡಿ."

ಗುಡುಗಣ್ಣ ಸ್ಟೂಲಿನ ಮೇಲೆ ಕೂತು, ನಿಧಾನದ ಒಂದು ಸಾಲು ನುಡಿಸಿದ. ನಿಧಾನವಾಗಿ ನುಡಿಸುವಾಗ ಬೆರಳು ಗುಣವಂತನಾಗಿರುತ್ತಿತ್ತು. ಸದ್ದು ಬೆಣ್ಣೆಯಂತೆ ಬಂತು. ಅಂಗಡಿಯವನು ಕಣ್ಣು ಮುಚ್ಚಿಕೊಂಡು ತಲೆದೂಗಿದ. ಇಬ್ಬರೂ ಒಂದು ಗಂಟೆ ಆ ನಾಲ್ಕು ನಾಬ್‌ಗಳನ್ನು ತಿರುಗಿಸುತ್ತ, "ಈಗ?", "ಇನ್ನೊಂಚೂರು", "ಆಹಾ, ಅಲ್ಲೇ ಬಿಡು" ಎನ್ನುತ್ತ ಕಳೆದರು. ಅಷ್ಟರಲ್ಲಿ ಬಂದ ಗಿರಾಕಿಯೊಬ್ಬ ಕಾದು ಕಾದು ಬೈದುಕೊಂಡು ಹೋದ. ಎರಡು ವರ್ಷದಲ್ಲಿ ಗುಡುಗಣ್ಣ ಅಷ್ಟು ಖುಷಿಯಾಗಿದ್ದದ್ದು ಆ ಒಂದು ಗಂಟೆ ಮಾತ್ರ.

"ಏಳನೆಯವಳಾ?" ಎಂದು ಹೆಂಡತಿ ನಕ್ಕಳು, ಅವನು ಡಬ್ಬಿ ಬಿಚ್ಚುವಾಗ. ಆ ನಗು ಅರ್ಧಕ್ಕೇ ನಿಂತದ್ದನ್ನು ಅವನು ಗಮನಿಸಲಿಲ್ಲ. ಅವಳ ತಮ್ಮನೇ ಬ್ಯಾಂಡಿನ ಸೌಂಡ್ ನೋಡಿಕೊಳ್ಳುವವನು. ಮುಂದಿನ ಶನಿವಾರ ಆ ಭಾಮೈದ ಸಭಾಂಗಣದ ಹಿಂದುಗಡೆಯಿಂದ ಫೋನಿನಲ್ಲಿ ಎರಡು ಹಾಡು ವಿಡಿಯೊ ಮಾಡಿ ಕಳಿಸಿದ. ಗುಡುಗಣ್ಣ ಹೆಡ್‌ಫೋನ್ ಹಾಕಿಕೊಂಡು ಅದನ್ನು ಇಪ್ಪತ್ತು ಸಲವಾದರೂ ಕೇಳಿದ್ದಾನು. ಬಾಸ್ ಗಟ್ಟಿಯಾಗಿ, ಸಮವಾಗಿ, ಡ್ರಮ್ಸ್‌ಗೆ ಅಂಟಿಕೊಂಡು ಹೋಗುತ್ತಿತ್ತು. "ನೋಡು, ಔಷಧಿ ಹತ್ತಿದೆ," ಎಂದು ಹೆಂಡತಿಗೆ ತೋರಿಸಿದ. ಅವಳು ಒಲೆಯ ಕಡೆ ತಿರುಗಿಕೊಂಡು ಹೂಂ ಎಂದಳು.

ವಿಚಿತ್ರವೆಂದರೆ ವೇದಿಕೆಯ ಮೇಲೆ ಅವನ ಕಿವಿಗೆ ಮಾತ್ರ ಅದೇ ಕುಂಟು ಸದ್ದು ಬರುತ್ತಿತ್ತು. ಈಗಿನ ವೇದಿಕೆಗಳಲ್ಲಿ ನುಡಿಸುವವರ ಮುಂದೆ ಸ್ಪೀಕರ್ ಇರುವುದಿಲ್ಲ. ಎಲ್ಲರೂ ಕಿವಿಯೊಳಗೆ ಇಯರ್‌ಫೋನ್ ತುರುಕಿಕೊಂಡಿರುತ್ತಾರೆ. ಸೌಂಡಿನವನು ಒಬ್ಬೊಬ್ಬರಿಗೆ ಬೇಕಾದ್ದನ್ನು ಬೇರೆ ಬೇರೆಯಾಗಿ ಕಳಿಸುತ್ತಾನೆ. ಸಭೆಗೆ ಹೋಗುವುದೇ ಬೇರೆ. ಹಾಗಾಗಿ, ಹೊರಗೆ ಚೆನ್ನಾಗಿದೆ, ನನ್ನ ಕಿವಿಗೆ ಬರುವುದರಲ್ಲೇ ಏನೋ ದೋಷವಿದೆ ಎಂದು ಅವನು ಸಮಾಧಾನ ಮಾಡಿಕೊಂಡ. ಕಂಪ್ರೆಸರ್ ಬಂದ ಮೇಲಂತೂ ಕುಂಟು ಇನ್ನೂ ಎದ್ದು ಕಾಣುತ್ತಿತ್ತು. ಬೆರಳು ತಂತಿಗೆ ಸರಿಯಾಗಿ ತಾಗದೆ ಹುಟ್ಟುವ ಸಣ್ಣ ಗೊರಗೊರವನ್ನೂ ಅದು ಎತ್ತಿ ಎತ್ತಿ ಕಿವಿಗೆ ಕೊಡುತ್ತಿತ್ತು. ಅವನು ಒಂದು ನೋಟ್‌ಬುಕ್ ಇಟ್ಟುಕೊಂಡು, ಯಾವ ದಿನ ಯಾವ ನಾಬ್ ಎಷ್ಟಿತ್ತು ಎಂದು ಚಿತ್ರ ಬರೆದುಕೊಳ್ಳತೊಡಗಿದ.

ಮೂರು ತಿಂಗಳಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಸಭಾಂಗಣದಲ್ಲಿ ಮುನ್ನೂರು ಜನ. ಮೂರನೆಯ ಹಾಡು ಮುಗಿದ ಮೇಲೆ ಗಾಯಕಿ ಸಭೆಯ ಜೊತೆ ಮಾತಿಗೆ ನಿಂತಳು. ಅದು ಸಾಮಾನ್ಯವಾಗಿ ಎರಡು ನಿಮಿಷ ಹಿಡಿಯುತ್ತಿತ್ತು. ಗುಡುಗಣ್ಣ ಟ್ಯೂನರ್ ಒತ್ತಿ, ದಪ್ಪ ತಂತಿ ಸ್ವಲ್ಪ ಇಳಿದಿದ್ದನ್ನು ಏರಿಸಿದ. ಕಿವಿ ತುರಿಸಿತೆಂದು ಎಡಗಡೆಯ ಇಯರ್‌ಫೋನ್ ತೆಗೆದು ಭುಜದ ಮೇಲೆ ಬಿಟ್ಟ. ಅಷ್ಟರಲ್ಲಿ ಗಾಯಕಿ ಮಾತನ್ನು ಅರ್ಧಕ್ಕೇ ಮುಗಿಸಿದಳು, ಡ್ರಮ್ಸ್‌ನವನು ಕೋಲು ತಟ್ಟಿದ, ಹಾಡು ಶುರುವಾಯಿತು. ಟ್ಯೂನರನ್ನು ಮತ್ತೊಮ್ಮೆ ಒತ್ತಿ ಬಿಡುವುದು ಗುಡುಗಣ್ಣನಿಗೆ ಮರೆತುಹೋಯಿತು. ಬಾಸ್ ನುಡಿಸುವವರಲ್ಲಿ ಈ ತಪ್ಪು ಮಾಡದವರಿಲ್ಲ. ಮೊದಲ ಸ್ವರಕ್ಕೇ ಸದ್ದು ಬರದೆ ಎದೆ ಧಸಕ್ಕೆನ್ನುತ್ತದೆ, ಕಾಲು ತಾನಾಗಿ ಪೆಡಲಿಗೆ ಹೋಗುತ್ತದೆ, ಸಭೆ ನಗುತ್ತದೆ, ಅಷ್ಟೆ.

ಅವನ ಬಲಗಿವಿಯಲ್ಲಿ ಡ್ರಮ್ಸ್ ಇತ್ತು, ಹಾಡಿತ್ತು, ಬಾಸ್ ಇರಲಿಲ್ಲ. ಏಳನೆಯದು ಕೈಕೊಟ್ಟಿತು ಎಂದುಕೊಂಡು ಗಾಬರಿಯಿಂದ ಕೆಳಗೆ ನೋಡಿದ. ಟ್ಯೂನರಿನ ಕೆಂಪು ದೀಪ ಉರಿಯುತ್ತಿತ್ತು. ಕಾಲು ಎತ್ತಿದ. ಎತ್ತಿದ ಕಾಲು ಅಲ್ಲೇ ನಿಂತಿತು. ತೆರೆದಿದ್ದ ಎಡಗಿವಿಗೆ, ಸಭೆಯ ಕಡೆ ಮುಖ ಮಾಡಿದ್ದ ದೊಡ್ಡ ಸ್ಪೀಕರುಗಳಿಂದ ಬಾಸ್ ಕೇಳುತ್ತಿತ್ತು.

ಅವನು ಬಲಗೈಯನ್ನು ತಂತಿಯಿಂದ ತೆಗೆದ. ಬಾಸ್ ನಿಲ್ಲಲಿಲ್ಲ. ಎಡಗೈಯನ್ನೂ ತೆಗೆದ. ಬಾಸ್ ಹೋಗುತ್ತಲೇ ಇತ್ತು, ಪಲ್ಲವಿಯಿಂದ ಚರಣಕ್ಕೆ ಸಲೀಸಾಗಿ ದಾಟಿತು. ಎಂಥ ಕೈ ಅದು! ಪ್ರತಿ ಸ್ವರ ತನ್ನ ಜಾಗಕ್ಕೆ ಬಂದು ಕೂತು, ಹೊತ್ತಿಗೆ ಸರಿಯಾಗಿ ಎದ್ದು ಹೋಗುತ್ತಿತ್ತು. ಬಾಸ್‌ನವರ ಬುದ್ಧಿ ನೋಡಿ. ಕಾಲಕೆಳಗಿನ ನೆಲವೇ ಕುಸಿಯುತ್ತಿರುವ ಆ ಹೊತ್ತಿನಲ್ಲಿ ಅವನ ತಲೆಗೆ ಬಂದ ಮೊದಲ ಯೋಚನೆ, ಇವನು ಯಾರೋ, ಯಾವ ಕಂಪ್ರೆಸರ್ ಇಟ್ಟಿದ್ದಾನೋ ಎಂಬುದು. ಅದರ ಹಿಂದೆಯೇ ಹೊಟ್ಟೆಕಿಚ್ಚು ಬಂತು. ಆಮೇಲೆ ಗಾಯಕಿ ಇತ್ತ ತಿರುಗಿದಳು. ಎರಡೂ ಕೈ ಬಿಟ್ಟು ನಿಂತ ಅವನನ್ನು ಕಂಡು, ಕಣ್ಣು ಕೆಳಗೆ ಹಾಕಿ ಸಭೆಯ ಕಡೆ ತಿರುಗಿಕೊಂಡಳು. ಡ್ರಮ್ಸ್‌ನವನು ತನ್ನ ತಾಳದ ತಟ್ಟೆಯನ್ನೇ ದಿಟ್ಟಿಸುತ್ತಿದ್ದ. ಆಗ ಗುಡುಗಣ್ಣನಿಗೆ ತಿಳಿಯಿತು, ತಿಳಿಯದಿದ್ದವನು ಅಲ್ಲಿ ತಾನೊಬ್ಬನೇ ಎಂದು.

ಉಳಿದ ಆರು ಹಾಡಿಗೂ ಅವನು ಟ್ಯೂನರ್ ಬಿಡಲಿಲ್ಲ. ಸತ್ತ ತಂತಿಯ ಮೇಲೆ ಬೆರಳಾಡಿಸುತ್ತ ನಿಂತ. ಚಪ್ಪಾಳೆ ಎಂದಿನಷ್ಟೇ ಬಿತ್ತು.

ಕಾರ್ಯಕ್ರಮ ಮುಗಿದು ಜನ ಹೊರಗೆ ಹೋದ ಮೇಲೆ ಭಾಮೈದ ವೇದಿಕೆಯ ಪಕ್ಕದಲ್ಲಿ ಕೂತು ವೈರು ಸುತ್ತುತ್ತಿದ್ದ. ಗುಡುಗಣ್ಣ ಹೋಗಿ ಅವನೆದುರು ನಿಂತ.

"ಎಷ್ಟು ದಿನ ಆಯ್ತು?"

"ಏನು ಭಾವ?"

"ವೈರು ಕೆಳಗಿಡು. ನನ್ನ ಬಾಯಿಗೆ ಬಟ್ಟೆ ತುರುಕಿ ಎಷ್ಟು ದಿನ ಆಯ್ತು?"

ಭಾಮೈದ ವೈರನ್ನು ಕೆಳಗಿಡಲಿಲ್ಲ. ಬಿಗಿಯಾಗಿ ಹಿಡಿದುಕೊಂಡ. "ಹದಿನಾಲ್ಕು ತಿಂಗಳು," ಅಂದ.

"ಸೌಂಡ್ ನೋಡೋವಾಗ ಒಬ್ಬೊಬ್ಬರ ಹತ್ರಾನೂ ನುಡಿಸ್ತೀಯಲ್ಲ. ಆಗ ಹೊರಗೆ ಕೇಳ್ತಿತ್ತಲ್ಲ ನಂದು?"

"ಅದಕ್ಕೆ ಮಾತ್ರ ಬಿಡ್ತಿದ್ದೆ ಭಾವ. ಕಾರ್ಯಕ್ರಮ ಶುರುವಾದ ಮೇಲೆ ನಿಮ್ಮದು ನಿಮ್ಮ ಕಿವಿಗೆ ಮಾತ್ರ. ಹೊರಗೆ ಕಂಪ್ಯೂಟರಿಂದು ಹೋಗುತ್ತೆ. ಪಿಟೀಲು, ಕೋರಸ್ಸು ಹೋಗುತ್ತಲ್ಲ, ಹಂಗೆ."

"ಯಾರನ್ನಿಟ್ಟು ನುಡಿಸಿದ್ರಿ? ಯಾರ ಕೈ ಅದು?"

ಭಾಮೈದ ಮುಖವೆತ್ತಿ ನೋಡಿದ. ಅವನ ಕಣ್ಣಲ್ಲಿ ಆಶ್ಚರ್ಯವಿತ್ತು. "ಗೊತ್ತಾಗ್ಲಿಲ್ವಾ? ನಿಮ್ಮದೇ. ಆರು ವರ್ಷದ ಹಿಂದೆ ಸ್ಟುಡಿಯೋದಲ್ಲಿ ಮೂರು ದಿನ ಕೂತು ಎಲ್ಲಾ ಹಾಡು ರೆಕಾರ್ಡ್ ಮಾಡಿದ್ವಲ್ಲ, ಅದರಿಂದ ತೆಗೆದಿದ್ದು."

"ಅದಕ್ಕೆ ಯಾವ ಪೆಡಲ್ ಹಾಕಿದ್ದೆ ನಾನು?"

"ಒಂದೂ ಇಲ್ಲ. ಆ ರೆಕಾರ್ಡಿಂಗ್‌ನವರು ಪೆಟ್ಟಿಗೆಗಳನ್ನೆಲ್ಲ ಆಚೆ ಇಡಿ ಅಂದಿದ್ರು. ಬರೀ ಗಿಟಾರು, ಬರೀ ವೈರು."

ಗುಡುಗಣ್ಣ ಸ್ಪೀಕರಿನ ಖಾಲಿ ಪೆಟ್ಟಿಗೆಯೊಂದರ ಮೇಲೆ ಕೂತ. ಭಾಮೈದ ಒಂದೊಂದಾಗಿ ಎಲ್ಲವನ್ನೂ ಹೇಳಿದ. ಕಳೆದ ವರ್ಷ ಗಾಯಕಿ ಬೇರೆಯವರನ್ನು ಹುಡುಕಿ ಎಂದಿದ್ದಳು. ಆಗ ಅಕ್ಕ ಅವಳ ಮನೆಗೆ ಹೋಗಿದ್ದಳು. ಅವರಿಗೆ ಇರುವುದು ಇದೊಂದೇ, ಇದನ್ನು ಕಿತ್ತುಕೊಂಡರೆ ಮನುಷ್ಯ ಉಳಿಯುವುದಿಲ್ಲ ಎಂದು ಕೈಮುಗಿದಿದ್ದಳು. ಗಾಯಕಿಯದೂ ಕಲ್ಲೆದೆಯಲ್ಲ. ಈ ಉಪಾಯ ಹೂಡಿದವನು ಭಾಮೈದನೇ.

"ನಾನು ನುಡಿಸಿದ್ದು ರೆಕಾರ್ಡ್ ಆಗಿದೆಯಾ? ಹೋದ ತಿಂಗಳಿಂದು?"

"ಅದೆಲ್ಲ ಯಾಕೆ ಈಗ, ಮನೆಗೆ ನಡೀರಿ ಭಾವ."

"ಹಾಕು."

ಭಾಮೈದ ಹಾಕಿದ. ಖಾಲಿ ಸಭಾಂಗಣದಲ್ಲಿ, ಮುನ್ನೂರು ಬರಿದಾದ ಕುರ್ಚಿಗಳ ಮುಂದೆ, ಅವನ ಬಾಸ್ ಒಂಟಿಯಾಗಿ ಹೊರಬಂತು. ಏಳು ಪೆಡಲ್‌ಗಳ ಸಿಂಗಾರ ಮಾಡಿಕೊಂಡು, ಹೆಜ್ಜೆಹೆಜ್ಜೆಗೂ ಎಡವುತ್ತ ಬಂತು. ಮೇಜು ಒರೆಸುತ್ತಿದ್ದ ಹೋಟೆಲ್ಲಿನ ಹೆಂಗಸೊಬ್ಬಳು, ಮಷೀನು ಕೆಟ್ಟಿತೇನೋ ಎಂಬಂತೆ ತಿರುಗಿ ನೋಡಿದಳು. ಒಂದು ಹಾಡು ಪೂರ್ತಿ ಕೇಳಿ ಗುಡುಗಣ್ಣ ಕೈಯೆತ್ತಿ ಸಾಕು ಎಂದ. ಎರಡು ವರ್ಷ ತನಗೆ ತಾನೇ ಹೇಳಿಕೊಂಡ ಸುಳ್ಳುಗಳೆಲ್ಲ ಒಂದೇ ಹಾಡಿಗೆ ಮುಗಿದುಹೋದವು.

ಮನೆಯಲ್ಲಿ ಜಗಳವಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ಹೆಂಡತಿ ಬಾಗಿಲು ತೆರೆದವಳು ಅವನ ಮುಖ ನೋಡಿದಳು, ತಮ್ಮ ಆಗಲೇ ಫೋನ್ ಮಾಡಿದ್ದ.

"ಯಾವಾಗ ಗೊತ್ತಾಯ್ತು ನಿಂಗೆ?" ಎಂದು ಕೇಳಿದ.

"ಊಟಕ್ಕೆ ಕೂತಾಗ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕ್ತೀರಲ್ಲ. ಮದುವೆ ಆದಾಗಿಂದ ಕೇಳ್ತಾ ಇದ್ದೀನಿ. ಎರಡು ವರ್ಷದ ಹಿಂದೆ ಅದು ಕುಂಟೋಕೆ ಶುರು ಆಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಗ್ರೀ ಹೇಳ್ಲಿ? ನೀವೇ ಹೇಳಿ, ಯಾವ ಬಾಯಲ್ಲಿ ಹೇಳ್ಬೇಕಿತ್ತು ನಾನು?" ಎಂದು ಅವಳು ಅತ್ತುಬಿಟ್ಟಳು. ಅವನಿಗೆ ಅವಳ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ತುಂಬ ಆಸೆಯಿತ್ತು. ಕೋಪ ಬರಲಿಲ್ಲ. ಅವಳು ಇನ್ನೊಬ್ಬರ ಮನೆಯ ಹೊಸ್ತಿಲಲ್ಲಿ ತನಗಾಗಿ ಕೈಮುಗಿದು ನಿಂತ ಚಿತ್ರವೊಂದೇ ಕಣ್ಣೆದುರು ಬರುತ್ತಿತ್ತು, ನಾಚಿಕೆಯಿಂದ ಮೈ ಸುಡುತ್ತಿತ್ತು.

ಅವಳ ಬಲವಂತಕ್ಕೆ ನರದ ಡಾಕ್ಟರ ಹತ್ತಿರ ಹೋದ. ಡಾಕ್ಟರು ಅವನ ಕೈಯನ್ನು ತಿರುಗಿಸಿ, ಮಡಚಿ, ಸೂಜಿ ಚುಚ್ಚಿ ನೋಡಿದರು. ಗಿಟಾರ್ ತರಿಸಿ ನುಡಿಸಿಯೂ ನೋಡಿದರು. ಬೆರಳಿನಲ್ಲಿ ದೋಷವಿಲ್ಲ, ಮಿದುಳಿನಿಂದ ಬೆರಳಿಗೆ ಹೋಗುವ ಮಾತು ಆ ಒಂದು ಕೆಲಸಕ್ಕೆ ಮಾತ್ರ ಗೋಜಲಾಗಿದೆ, ಕೆಲವರಿಗೆ ವರ್ಷಗಟ್ಟಲೆ ಅಭ್ಯಾಸದಿಂದ ಸ್ವಲ್ಪ ಸುಧಾರಿಸುತ್ತದೆ, ನೀವು ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. "ಇದೊಂದು ಬಿಟ್ಟು ನೀವು ಬೇರೆ ಏನು ಬೇಕಾದ್ರೂ ಮಾಡಬಹುದು," ಎಂದು ನಗುನಗುತ್ತ ಬೆನ್ನು ತಟ್ಟಿ ಕಳಿಸಿದರು. ಪಾಪ, ಒಳ್ಳೆಯ ಮನುಷ್ಯ.

ಮಾನವಿದ್ದವನು ಅಲ್ಲಿಗೆ ಬ್ಯಾಂಡು ಬಿಡುತ್ತಾನೆ ಎಂದು ನೀವು ಅಂದುಕೊಳ್ಳಬಹುದು. ಗುಡುಗಣ್ಣ ಬಿಡಲಿಲ್ಲ. ಶನಿವಾರ ಬಂದ ಕೂಡಲೇ ಅವನ ಕಾಲು ಹೋಟೆಲ್ಲಿನ ದಾರಿ ಹಿಡಿಯಿತು. ಇಪ್ಪತ್ತೆರಡು ವರ್ಷ ನಿಂತ ಆ ಎರಡು ಅಡಿ ಜಾಗ ಬಿಟ್ಟು ಆ ಮಧ್ಯಾಹ್ನಗಳಲ್ಲಿ ಎಲ್ಲಿ ನಿಲ್ಲಬೇಕು ಎಂಬುದು ಅವನಿಗೆ ಗೊತ್ತಿರಲಿಲ್ಲ. ಭಾಮೈದನ ಹತ್ತಿರ ಹೋಗಿ, ನೆಲ ನೋಡುತ್ತ, "ನನ್ನ ಕಿವಿಗೂ ಅದನ್ನೇ ಕೊಟ್ಬಿಡು. ಹಳೇದನ್ನ," ಅಂದ. ಭಾಮೈದ ಕೇಳಿದ್ದನ್ನು ಕೊಟ್ಟ.

ಅಂದಿನಿಂದ ಗುಡುಗಣ್ಣ ಟ್ಯೂನರ್ ಒತ್ತಿಟ್ಟು ನಿಂತು, ಆರು ವರ್ಷದ ಹಿಂದಿನ ತನ್ನನ್ನು ಕೇಳುತ್ತ, ಅದಕ್ಕೆ ತಕ್ಕಂತೆ ಬೆರಳಾಡಿಸತೊಡಗಿದ. ಮನೆಯಲ್ಲಿ ಕೂತು ಆ ಹಳೆಯ ರೆಕಾರ್ಡನ್ನು ಹಾಕಿಕೊಂಡು, ಯಾವ ಸ್ವರಕ್ಕೆ ಎಡಗೈ ಎಲ್ಲಿರಬೇಕು ಎಂದು ಅಭ್ಯಾಸ ಮಾಡಿದ. ನೋಡುವವರಿಗೆ ಅನುಮಾನ ಬರಬಾರದಲ್ಲ. ಕೆಲವು ಕಡೆ ಆಗಿನ ಅವನು ಹುಮ್ಮಸ್ಸಿನಿಂದ ಮೇಲಕ್ಕೆ ಓಡಿ ಎಂಥದೋ ಕಸರತ್ತು ಮಾಡಿ ಇಳಿದಿದ್ದ. ಈಗಿನವನಿಗೆ ಅದು ಹೇಗೆ ಹೊಳೆಯಿತು ಎಂಬುದೇ ಅರ್ಥವಾಗುತ್ತಿರಲಿಲ್ಲ. ಅಂಥ ಕಡೆಗಳಲ್ಲಿ ಸಭೆಗೆ ಬೆನ್ನು ತಿರುಗಿಸಿ ಡ್ರಮ್ಸ್‌ನವನ ಕಡೆ ನಗುತ್ತಿದ್ದ. ಡ್ರಮ್ಸ್‌ನವನೂ ನಗುತ್ತಿದ್ದ. ಇಬ್ಬರಿಗೂ ಅದು ಹಿಂಸೆಯಾಗಿತ್ತು. ಆದರೂ ಪೆಡಲ್‌ಗಳನ್ನು ಪ್ರತಿ ವಾರ ಹೊತ್ತು ತಂದು, ಬಟ್ಟೆಯಿಂದ ಒರೆಸಿ, ಒಂದರ ಪಕ್ಕ ಒಂದನ್ನು ಜೋಡಿಸಿ, ಏಳಕ್ಕೂ ದೀಪ ಹೊತ್ತಿಸುವುದನ್ನು ಅವನು ಬಿಡಲಿಲ್ಲ.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ಶನಿವಾರ, ರಕ್ತ ಪರೀಕ್ಷೆ ಮಾಡುವ ಲ್ಯಾಬಿನವರ ಕೂಟ. ಕಾರ್ಯಕ್ರಮ ಮುಗಿದು ಸಭೆ ಏಳುತ್ತಿದ್ದಾಗ, ಮೂವತ್ತೈದು ನಲವತ್ತರ ಹೆಂಗಸೊಬ್ಬಳು ಕೈಯಲ್ಲಿ ಫೋನ್ ಹಿಡಿದು ವೇದಿಕೆಯ ಹತ್ತಿರ ಬಂದಳು. ಗಾಯಕಿಯ ಕಡೆ ಹೋಗುತ್ತಾಳೆಂದು ಗುಡುಗಣ್ಣ ದಾರಿ ಬಿಟ್ಟ. ಅವಳು ನೇರವಾಗಿ ಅವನ ಕಾಲಬುಡಕ್ಕೆ ಬಂದು, ಪೆಡಲ್‌ಗಳ ಮುಂದೆ ಮಂಡಿಯೂರಿ ಕೂತುಬಿಟ್ಟಳು.

"ಸರ್, ಫೋಟೋ ತಗೊಳ್ಳಾ? ನಾನೂ ಬಾಸ್ ನುಡಿಸ್ತೀನಿ. ಮನೇಲಿ, ಒಬ್ಬಳೇ. ಇವತ್ತು ಊಟಾನೇ ಮಾಡ್ಲಿಲ್ಲ ನಾನು, ಬರೀ ನಿಮ್ಮ ಸದ್ದು ಕೇಳ್ತಾ ಕೂತಿದ್ದೆ. ಇದರಲ್ಲಿ ಯಾವುದರಿಂದ ಬರುತ್ತೆ ಸರ್ ಅದು?"

ಇಪ್ಪತ್ತೆರಡು ವರ್ಷದಲ್ಲಿ ಸಭೆಯಿಂದ ಒಬ್ಬರಾದರೂ ಎದ್ದು ಬಂದು ಕೇಳಲಿ ಎಂದು ಗುಡುಗಣ್ಣ ಕಾದಿದ್ದ ಪ್ರಶ್ನೆ ಅದು. ನಿಜ ಹೇಳುವುದಕ್ಕೆ ಬಾಯಿ ತೆರೆದ. "ಈ ನೀಲಿದು," ಎಂದ. "ಕಂಪ್ರೆಸರ್. ಈ ನಾಬ್ ಅರ್ಧಕ್ಕೆ, ಇದು ಅರ್ಧಕ್ಕಿಂತ ಒಂಚೂರು ಕಮ್ಮಿ." ಅವಳು ಒಂದೊಂದನ್ನೂ ಫೋನಿನಲ್ಲಿ ಬರೆದುಕೊಂಡಳು. ಅವನು ಇನ್ನೂ ಹೇಳುತ್ತ ಹೋದ, ಯಾವುದರ ಹಿಂದೆ ಯಾವುದು, ಯಾಕೆ, ವೈರು ಎಷ್ಟು ಉದ್ದ. ಸುಳ್ಳು ಹೇಳುತ್ತಿದ್ದೇನೆಂದು ಗೊತ್ತಿದ್ದೂ ಅವನಿಗೆ ಸುಖವಾಗುತ್ತಿತ್ತು.

"ಒಂದೇ ಒಂದು ನಿಮಿಷ ನುಡಿಸಿ ನೋಡ್ಲಾ ಸರ್?"

ಇಲ್ಲ ಎನ್ನಲು ಯಾವ ನೆಪವೂ ಸಿಗಲಿಲ್ಲ. ಗಿಟಾರನ್ನು ಕುತ್ತಿಗೆಯಿಂದ ತೆಗೆದು ಅವಳ ಕೈಗೆ ಕೊಟ್ಟ. ಬಗ್ಗಿ ಟ್ಯೂನರನ್ನು ಬಿಟ್ಟ. ಕೆಂಪು ದೀಪ ಆರಿತು. ಸಭಾಂಗಣದ ಹಿಂದುಗಡೆ ನಿಂತಿದ್ದ ಭಾಮೈದನ ಕಡೆ ಕೈಸನ್ನೆ ಮಾಡಿದ, ಹೊರಗೆ ಕೊಡು ಎಂದು.

ಅವಳು ಅಂಜುತ್ತಲೇ ಶುರು ಮಾಡಿದಳು. ನಾಲ್ಕು ಸುತ್ತು ಹೋಗುವಷ್ಟರಲ್ಲಿ ಅಂಜಿಕೆ ಬಿಟ್ಟಳು. ಸೂಜಿ ಹಿಡಿದು ಪಳಗಿದ ಅವಳ ಬೆರಳುಗಳು ತಂತಿಯಿಂದ ತಂತಿಗೆ ದಾಟುವಾಗ ಒಂದಿಷ್ಟೂ ತಡವರಿಸಲಿಲ್ಲ. ಅವನದೇ ಗಿಟಾರಿನಿಂದ ಹೊರಟು, ಅವನದೇ ಏಳೂ ಪೆಡಲ್ ದಾಟಿ, ಅವನು ಎರಡು ವರ್ಷದಿಂದ ನಾಬ್ ತಿರುಗಿಸಿ ತಿರುಗಿಸಿ ಹುಡುಕುತ್ತಿದ್ದ ಆ ಸದ್ದು ದುಂಡಗೆ, ಸಮವಾಗಿ, ಸಭಾಂಗಣ ತುಂಬ ಹರಡಿತು. ಪೆಡಲಿನಲ್ಲಿ ಯಾವ ದೋಷವೂ ಇರಲಿಲ್ಲ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ.

ಬಾಗಿಲ ಹತ್ತಿರ ಹೋಗಿದ್ದ ಗಾಯಕಿ ನಿಂತು ತಿರುಗಿದಳು. ಕೋಲುಗಳನ್ನು ಚೀಲಕ್ಕೆ ತುಂಬುತ್ತಿದ್ದ ಡ್ರಮ್ಸ್‌ನವನು, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ, ಮೆಲ್ಲಗೆ ತಾಳ ಸೇರಿಸಿದ. ಅವನ ಮುಖದ ಮೇಲೆ ಗುಡುಗಣ್ಣ ಎಷ್ಟೋ ದಿನದಿಂದ ಕಾಣದ ಒಂದು ನಗು ಬಂತು. ಆಮೇಲೆ ಅವನಿಗೆ ನೆನಪಾಯಿತು. ತಟ್ಟನೆ ಕೈ ನಿಲ್ಲಿಸಿ, ತಪ್ಪು ಮಾಡಿದವನಂತೆ ಗುಡುಗಣ್ಣನ ಕಡೆ ನೋಡಿದ. ಗಾಯಕಿಯೂ ಅವನನ್ನೇ ನೋಡುತ್ತಿದ್ದಳು. ತನ್ನ ಹೆಂಡತಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಇವರ್ಯಾರೂ ಒಂದಕ್ಷರವನ್ನೂ ಆಡಲಾರರು, ಸಾಯುವವರೆಗೂ ತನ್ನನ್ನು ಹೀಗೇ ಸಹಿಸಿಕೊಂಡು ಇದ್ದುಬಿಡುತ್ತಾರೆ ಎಂಬುದು ಅವನಿಗೆ ಸ್ಪಷ್ಟವಾಯಿತು. ಕೇಳುವುದಾದರೆ ತಾನೇ ಕೇಳಬೇಕು.

"ಸಾರಿ ಸರ್, ಮೈಮರೆತುಬಿಟ್ಟೆ," ಎಂದು ಅವಳು ಗಿಟಾರ್ ತೆಗೆಯಲು ಹೋದಳು.

"ಹಾಕ್ಕೊಂಡಿರಿ," ಅಂದ ಗುಡುಗಣ್ಣ. "ಶನಿವಾರ, ಭಾನುವಾರ ಮಧ್ಯಾಹ್ನ ನಿಮಗೆ ಬಿಡುವಿರುತ್ತಾ?"

"ಇರುತ್ತೆ ಸರ್. ಯಾಕೆ?"

"ನನ್ನ ಬದಲು ಬರ್ತೀರಾ ಇಲ್ಲಿಗೆ?"

ಅವಳ ಮುಖ ಅರಳಿದ್ದನ್ನು ಅವನು ನೋಡಿದ. ನೋಡಲಾರದೆ ಬಗ್ಗಿ ವೈರು ಸರಿಮಾಡಿದ. ಗಾಯಕಿ ಬಾಗಿಲಲ್ಲೇ ನಿಂತಿದ್ದಳು. ಬೇಡ ಎಂದು ಅವಳು ಹೇಳಲಿಲ್ಲ. ಒಂದು ಕ್ಷಣ ಅವನು ಅದಕ್ಕೂ ಕಾದ.

"ಬರ್ತೀನಿ ಸರ್! ಎಷ್ಟು ವಾರಕ್ಕೆ? ನೀವು ವಾಪಸ್ ಬರೋವರೆಗೆ ತಾನೆ?"

"ಹೂಂ," ಅಂದ ಗುಡುಗಣ್ಣ, "ನಾನು ಬರೋವರೆಗೆ."